ಸೀಟು ಬಿಟ್ಟು ಎದ್ದವನು

"ಯಾರಾದ್ರೂ ಇದ್ದೀರಾ? ಅಯ್ಯೋ... ಬಾಗಿಲು ತೆಗೀರಿ! ದಯವಿಟ್ಟು ತೆಗೀರಿ!"

ಅವಳು ಲಿಫ್ಟಿನ ಗೋಡೆಗೆ ಅಂಗೈ ಬಡಿದಳು. ಜೋರಾಗಿ ಬಿಕ್ಕಿದಳು. ಆಮೇಲೆ ಕೆಂಪು ಗುಂಡಿ ಒತ್ತಿ ಹಿಡಿದಳು.

"ಇದ್ದೀನಿ ಮೇಡಂ. ಹೇಳಿ." ಗುಂಡಿಯ ಮೇಲಿನ ಪುಟ್ಟ ಜಾಲರಿಯಿಂದ ಗಂಡಸಿನ ಧ್ವನಿ ಬಂತು.

"ಲಿಫ್ಟ್ ನಿಂತುಬಿಟ್ಟಿದೆ! ನನಗೆ ಉಸಿರು ಕಟ್ತಾ ಇದೆ!"

"ಉಸಿರು ಕಟ್ಟಿದವರು ಇಷ್ಟು ಜೋರಾಗಿ ಕೂಗಲ್ಲ ಮೇಡಂ. ಒಳಗೆ ಗಾಳಿ ಚೆನ್ನಾಗೇ ಇದೆ ಅಂತಾಯ್ತು. ಗೋಡೆಗೆ ಒರಗಿ ಕೂತ್ಕೊಳ್ಳಿ. ಕೂತ್ರಾ?"

"ಕೂತೆ..."

"ಈಗ ಬಾಯಿ ದೊಡ್ಡದಾಗಿ ತೆಗೆದು 'ಆ' ಅನ್ನಿ. ಉದ್ದಕ್ಕೆ. ಹಲ್ಲಿನ ಡಾಕ್ಟರ್ ಮುಂದೆ ಅಂತೀವಲ್ಲ, ಹಾಗೆ."

"ಆಆಆ..."

"ಎಡಗಡೆ ಒಂದು ಹುಳುಕು ಇದೆ."

ಅವಳಿಗೆ ನಗು ನುಗ್ಗಿ ಬಂತು. ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಛೆ! ಅಳಬೇಕಾದವಳು ನಕ್ಕರೆ ಹೇಗೆ? ಇಷ್ಟು ಕಾಲದಲ್ಲಿ ಯಾವ ಕ್ಯಾಂಡಿಡೇಟೂ ಅವಳನ್ನು ನಗಿಸಿರಲಿಲ್ಲ!

ಹೌದು, ಇದು ಇಂಟರ್ವ್ಯೂ.

ಅವಳ ಕಂಪನಿ ಲಿಫ್ಟುಗಳನ್ನು ತಯಾರಿಸುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಗುಂಡಿ ಒತ್ತಿದರೆ ಹೆಲ್ಪ್‌ಲೈನಿನಲ್ಲಿ ಒಬ್ಬರು ಮಾತಾಡಬೇಕು, ಬಾಗಿಲು ತೆರೆಯುವವರು ತಲುಪುವವರೆಗೆ ಧೈರ್ಯ ತುಂಬಬೇಕು. ಆ ಕೆಲಸಕ್ಕೆ ಯಾರು ಸರಿ ಎಂಬುದು ಪದವಿಯಿಂದ ತಿಳಿಯುವುದಿಲ್ಲ. ಅದಕ್ಕೇ ತರಬೇತಿ ಕಟ್ಟಡದ ಹಳೆಯ ಲಿಫ್ಟನ್ನು ಎರಡು ಮಹಡಿಗಳ ನಡುವೆ ನಿಲ್ಲಿಸುತ್ತಿದ್ದರು. ಕ್ಯಾಂಡಿಡೇಟ್ ಕೆಳಗಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರುತ್ತಿದ್ದ. ಲಿಫ್ಟಿನೊಳಗೆ ಆಯ್ಕೆ ಅಧಿಕಾರಿಯಾದ ಅವಳೇ ಕೂತು ಅಳುತ್ತಿದ್ದಳು.

ಅಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಇಡೀ ಆಫೀಸಿಗೆ ಅದು ಗೊತ್ತಿತ್ತು. ಅವಳಿಗೆ ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು.

"ಮೇಡಂ, ಅಲ್ಲೇ ಇದ್ದೀರಾ?"

"ಎಲ್ಲಿಗೆ ಹೋಗಲಿ?" ಅವಳು ಮತ್ತೆ ಅಳುಬುರುಕ ಧ್ವನಿಗೆ ಇಳಿದಳು. "ಮನೇಲಿ ಯಾರಿಗೂ ಗೊತ್ತಿಲ್ಲ... ನಾನು ಇಲ್ಲೇ..."

ಟಪ್!

ತಲೆಯ ಮೇಲಿನ ದೀಪ ಆರಿತು.

ಇದು ಅವಳ ಆಟದಲ್ಲಿ ಇರಲಿಲ್ಲ.

ಕತ್ತಲು... ಕಣ್ಣಿಗೆ ಅಂಟಿಕೊಂಡಂಥ ಕತ್ತಲು. ಗೋಡೆಗಳು ಎಲ್ಲಿವೆ? ಕೈ ಚಾಚಿದಳು. ತಣ್ಣಗಿನ ತಗಡು ತಾಗಿತು, ತೀರಾ ಹತ್ತಿರದಲ್ಲಿ! ಮೊದಲು ಇಷ್ಟು ಹತ್ತಿರ ಇತ್ತೇ? ಕೂಗಬೇಕೆಂದುಕೊಂಡಳು. ನಾಲಿಗೆ ಏಳಲಿಲ್ಲ. ಕಣ್ಣಿಂದ ನೀರು ತಾನಾಗಿ ಇಳಿಯತೊಡಗಿತು, ಸದ್ದೇ ಇಲ್ಲದೆ.

"ಮೇಡಂ?"

ಅವಳು ಮಂಡಿಗೆ ಮುಖ ಒತ್ತಿಕೊಂಡಳು.

"ಮೇಡಂ, ಯಾಕೆ ಕೂಗ್ತಾ ಇಲ್ಲ ನೀವು?"

"...ದೀಪ..."

ಆ ಒಂದೇ ಮಾತು. ಅದೂ ಗಾಳಿಯಷ್ಟು ಸಣ್ಣದು.

ಅವನು ಬೇರೆಯೇ ದನಿಯಲ್ಲಿ ಹೇಳಿದ. "ಅಲ್ಲೇ ಕೂತಿರಿ. ನಾನು ಬರ್ತಾ ಇದ್ದೀನಿ."

ಕುರ್ಚಿ ಹಿಂದಕ್ಕೆ ಸರಿದ ಸದ್ದು. ಓಡುವ ಹೆಜ್ಜೆಗಳು. ಅಷ್ಟೆ.

ಎಷ್ಟು ಹೊತ್ತಾಯಿತೋ. ಬಾಗಿಲ ಸಂದಿಯಲ್ಲಿ ಬೆಳಕಿನ ಗೆರೆ ಮೂಡಿತು, ಅಗಲವಾಯಿತು. ಆ ಬೆಳಕಿನಲ್ಲಿ ಮೇಲಿಂದ ಕೆಳಕ್ಕೆ ಚಾಚಿದ ಒಂದು ಕೈ ಕಂಡಿತು.

ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದಳು. ಮೇಲೆ ಬಂದವಳೇ ಆ ಅಪರಿಚಿತನ ಭುಜಕ್ಕೆ ಹಣೆ ಒತ್ತಿ ನಿಂತುಬಿಟ್ಟಳು.

"ಆಯ್ತು... ಆಯ್ತು. ಹೊರಗೆ ಬಂದಾಯ್ತು," ಅಂದ ಅವನು, ಮೆಲ್ಲಗೆ.

ಆಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು!

ವಿಭಾಗದ ಮುಖ್ಯಸ್ಥೆ ನಿಂತಿದ್ದರು, ಅವರ ಹಿಂದೆ ಹಿರಿಯ ಮೆಕ್ಯಾನಿಕ್, ಆಫೀಸಿನವರೆಲ್ಲ 'ಬೋಲ್ಟ್ ಮಾಮ' ಎಂದು ಕರೆಯುವವನು. "ಅಬ್ಬಬ್ಬಾ, ಏನು ಅಭಿನಯ ಕಣಮ್ಮಾ!" ಎಂದ ಮಾಮ. "ಬಲ್ಬ್ ಹೋಗಿದ್ದನ್ನೂ ಬಿಡದೆ ಬಳಸ್ಕೊಂಡೆಯಲ್ಲ! ಈ ಹುಡುಗ ನನ್ನ ಸೊಂಟದಿಂದ ಬೀಗದ ಕೈ ಕಿತ್ಕೊಂಡು ಓಡಿದ ನೋಡು!"

ಅವಳು ಆ ಭುಜದಿಂದ ತಲೆ ಎತ್ತಿದಳು. ಹಿಡಿದಿದ್ದ ಕೈಯನ್ನು ಬಿಟ್ಟಳು.

ಅಭಿನಯವಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಲಿಫ್ಟ್ ಕಂಪನಿಯ ಆಯ್ಕೆ ಅಧಿಕಾರಿಗೆ ಲಿಫ್ಟೆಂದರೆ ಭಯವೇ? ನಾಳೆ ಊಟದ ಹೊತ್ತಿಗೆ ಆಫೀಸೆಲ್ಲಾ ನಗುವುದಿಲ್ಲವೇ?

ಕೋಣೆಯಲ್ಲಿ ಮುಖ್ಯಸ್ಥೆ ಖಡಾಖಂಡಿತವಾಗಿ ಹೇಳಿದರು. "ಫೇಲು. ಸೀಟು ಬಿಟ್ಟು ಎದ್ದವನು ಹೆಲ್ಪ್‌ಲೈನಿಗೆ ಆಗಲ್ಲ. ಅವನು ಓಡಿಹೋದ ಮೇಲೆ ಎರಡನೇ ಕರೆ ಮಾಡಿದ್ದು ನಾನೇ, ಇನ್ನೊಂದು ಲಿಫ್ಟಲ್ಲಿ ಸಿಕ್ಕಿಬಿದ್ದ ಮಂಡಿ ನೋವಿನ ಅಜ್ಜಿ ಥರ. ಗಂಟಲು ಹರಿಯೋ ಹಾಗೆ ಕೂಗಿದ್ದೀನಿ. ಕೇಳೋರೇ ಇಲ್ಲ! ಅಜ್ಜಿ ಸತ್ತಳು ಅಂತಲೇ ಇಟ್ಕೋ. ಹೋಗಿ ಹೇಳು ಅವನಿಗೆ."

ಅವನು ಹೊರಗೆ ಬೆಂಚಿನ ಮೇಲೆ, ಉಳಿದ ಕ್ಯಾಂಡಿಡೇಟುಗಳ ಸಾಲಿನಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಕ್ಷಮಿಸಿ. ನೀವು ಆಯ್ಕೆ ಆಗಿಲ್ಲ," ಎಂದಳು.

"ಗೊತ್ತಿತ್ತು. ಎದ್ದು ಬಂದಾಗಲೇ ಗೊತ್ತಿತ್ತು." ಅವನು ನಕ್ಕ. ಕಣ್ಣು ಮಾತ್ರ ಅವಳ ಮುಖದ ಮೇಲೇ ಇತ್ತು. "ಒಂದು ಕೇಳಲಾ? ಕತ್ತಲಾದ ಮೇಲೆ ನೀವು ಸುಮ್ಮನಾದ್ರಲ್ಲ... ಅದು ನಟನೆ ಅಲ್ಲ ತಾನೆ?"

ಬಾಗಿಲಲ್ಲಿ ಮುಖ್ಯಸ್ಥೆ ನಿಂತಿದ್ದರು. ಬೆಂಚಿನವರೆಲ್ಲ ಕಿವಿ ನಿಮಿರಿಸಿದ್ದರು.

"ನಟನೆಯೇ," ಎಂದಳು ಅವಳು. "ಅದೂ ಪರೀಕ್ಷೆಯ ಭಾಗ."

ಅವನ ನಗು ನಿಧಾನವಾಗಿ ಅಳಿಯಿತು.

"ತುಂಬಾ ಚೆನ್ನಾಗಿ ಅಳ್ತೀರ ಮೇಡಂ," ಎಂದು ಚೀಲ ಹೆಗಲಿಗೇರಿಸಿ ಹೊರಟುಹೋದ.

ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

*

"ಯಾಕೆ ಮುಖ ಊದಿಸ್ಕೊಂಡಿದ್ದೀಯ?" ಸಂಜೆ ಅಕ್ಕ ಕೇಳಿದಳು. ಭಾವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

"ಒಬ್ಬನನ್ನ ಫೇಲ್ ಮಾಡಿದೆ."

"ಅದು ನಿನ್ನ ಕಸುಬೇ ಅಲ್ವಾ? ಹುಡುಗ ಹೇಗಿದ್ದ?"

"ಧ್ವನಿ ಚೆನ್ನಾಗಿತ್ತು."

"ಮುಖ?"

"ಸರಿಯಾಗಿ ನೋಡಲಿಲ್ಲ ಅಕ್ಕಾ. ಅಳ್ತಾ ಇದ್ದೆ."

"ಸಂಬಳಕ್ಕೆ ಅಳೋಳು ಕಣ್ಣು ಬಿಟ್ಕೊಂಡೇ ಅಳ್ತೀಯಲ್ಲ!"

ಅವಳು ಮುಖ ತಿರುಗಿಸಿದಳು. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ತಂಗಿಯನ್ನು ದಿಟ್ಟಿಸಿದಳು.

"ಓಹೋ... ನಿಜವಾಗ್ಲೂ ಅತ್ತೆಯಾ? ಮತ್ತೆ ಅವರಿಗೆಲ್ಲ ಏನಂದೆ? ನಟನೆ ಅಂದ್ಯಾ?" ಅಕ್ಕ ತಲೆಯಾಡಿಸಿದಳು. "ಚಿಕ್ಕವಳಿದ್ದಾಗಲೂ ಹೀಗೇ ನೀನು. ಬಿದ್ದು ಮಂಡಿ ತರಚಿಕೊಂಡು, ರಕ್ತ ಸುರೀತಿದ್ರೂ 'ಬೇಕಂತಲೇ ಬಿದ್ದೆ' ಅಂತಿದ್ದೆ. ಔಷಧಿ ಹಚ್ಚೋಕೆ ಬಂದವರಿಗೆ ಏನನ್ನಿಸುತ್ತೆ ಅಂತ ಒಂದು ದಿನಾನೂ ಯೋಚಿಸಲಿಲ್ಲ."

ಮರುದಿನ ಹೊಸ ಕ್ಯಾಂಡಿಡೇಟ್ ಕಾದಿದ್ದ. ಬೋಲ್ಟ್ ಮಾಮ ಹೊಸ ಬಲ್ಬ್ ಹಾಕಿ ಲಿಫ್ಟಿನ ಬಾಗಿಲು ತೆರೆದು ನಿಂತ. ಅವಳು ಹೊಸ್ತಿಲವರೆಗೆ ಬಂದಳು. ಒಂದು ಕಾಲು ಎತ್ತಿದಳು... ಇಳಿಸಿದಳು.

"ಏನಾಯ್ತು? ಹತ್ತು," ಎಂದರು ಮುಖ್ಯಸ್ಥೆ.

"ನನ್ನ ಕೈಲಾಗಲ್ಲ ಮೇಡಂ." ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನಿನ್ನೆ ನಾನು ನಟಿಸಲಿಲ್ಲ. ದೀಪ ಹೋದಾಗ ಜೀವ ಬಾಯಿಗೆ ಬಂತು. ಅವನೊಬ್ಬನಿಗೇ ಅದು ಗೊತ್ತಾಗಿದ್ದು. ನಾನು ಅವನ ಮುಖಕ್ಕೇ ಸುಳ್ಳು ಹೇಳಿದೆ."

ಬೋಲ್ಟ್ ಮಾಮನ ಬಾಯಿ ತೆರೆದೇ ಇತ್ತು. ಮುಖ್ಯಸ್ಥೆ ಕನ್ನಡಕ ತೆಗೆದು ಒರೆಸಿಕೊಂಡರು.

"ಆದ್ರೂ ಅವನು ಫೇಲೇ," ಎಂದರು. "ನಿನ್ನ ಕಣ್ಣೀರು ನಿಜವಾದ ಮಾತ್ರಕ್ಕೆ ನನ್ನ ಅಜ್ಜಿ ಬದುಕಿ ಬರಲ್ಲ."

"ಒಪ್ತೀನಿ. ಕೂತು ಮಾತಾಡೋ ಕೆಲಸ ಅವನದ್ದಲ್ಲ." ರಾತ್ರಿಯಿಡೀ ತಲೆಯಲ್ಲಿ ಸುತ್ತಿದ ಮಾತು ಈಗ ಸರಾಗವಾಗಿ ಬಂತು. "ಬಾಗಿಲು ತೆರೆಯೋ ತಂಡಕ್ಕೆ ನಾವು ಬರೀ ಸ್ಪ್ಯಾನರ್ ಹಿಡಿಯೋರನ್ನ ತಗೊಂಡಿದ್ದೀವಿ ಮೇಡಂ. ಬಾಗಿಲು ತೆಗೆದು, 'ಇಳೀರಿ' ಅಂದು, ಸಹಿ ಹಾಕಿಸ್ಕೊಂಡು ಹೋಗ್ತಾರೆ. ಒಳಗಿದ್ದವರ ಕಾಲು ನಡುಗ್ತಾ ಇರುತ್ತೆ. ಅವನನ್ನ ನಾವು ತಪ್ಪು ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ವಿ. ಓಡಿ ಬರೋದೇ ಅವನ ಕೆಲಸ."

"ನನ್ನ ತಂಡದ ಮೇಲೇ ಬಿತ್ತಲ್ಲಪ್ಪಾ ಕಲ್ಲು!" ಎಂದು ಗೊಣಗಿದ ಮಾಮ. ತಡೆದು, "ಹುಡುಗ ಬೀಗ ತೆಗೆದ ವರಸೆ ಏನೋ ಚೆನ್ನಾಗಿತ್ತು. ಕಲಿಸಬಹುದು," ಎಂದ.

"ಸರಿ, ಕರಿ ಅವನನ್ನ. ಬಂದ್ರೆ ಬರಲಿ." ಮುಖ್ಯಸ್ಥೆ ಸೀರೆಯ ನೆರಿಗೆ ಎತ್ತಿ ಲಿಫ್ಟಿನೊಳಗೆ ಕಾಲಿಟ್ಟರು. "ಇನ್ನು ಮೇಲೆ ಈ ಡಬ್ಬಿಯಲ್ಲಿ ನಾನು ಕೂರ್ತೀನಿ. ಫೋನ್ ಕಾಟ ಇಲ್ಲದ ಜಾಗ ಇದೊಂದೇ!"

*

ಫೋನ್ ಮಾಡಿದ್ದರೆ ಸಾಕಿತ್ತು. ಅವನ ಅರ್ಜಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಅವಳೇ ಹೋದಳು.

ಅವನು ಮಕ್ಕಳ ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕ. ಡಾಕ್ಟರಿಗೆ ವಯಸ್ಸಾಗಿ ಆಸ್ಪತ್ರೆ ಮುಚ್ಚುವುದರಲ್ಲಿತ್ತು, ಅದಕ್ಕೇ ಬೇರೆ ಕೆಲಸ ಹುಡುಕುತ್ತಿದ್ದ. ಅದು ಎತ್ತರದ ಕಟ್ಟಡದ ಕೊನೆಯ ಮಹಡಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಅವಳು ಒಳಬಂದಾಗ, ಅವನು ಕೆನ್ನೆ ಊದಿದ ಪುಟ್ಟ ಹುಡುಗಿಯ ಮುಂದೆ ಮಂಡಿಯೂರಿ ಕೂತಿದ್ದ. ಸುತ್ತ ತಾಯಂದಿರು.

ಅವಳನ್ನು ಕಂಡು ಎದ್ದ. "ಯಾವ ಹಲ್ಲು ಮೇಡಂ?"

"ಅದು ನಟನೆ ಅಲ್ಲ," ಎಂದಳು ಒಂದೇ ಉಸಿರಿಗೆ. "ಬಲ್ಬ್ ತಾನಾಗೇ ಹೋಯ್ತು. ನಾನು ಹೆದರಿದೆ. ಎಲ್ಲರೂ ಚಪ್ಪಾಳೆ ಹೊಡೆದಾಗ ನಾಚಿಕೆ ಆಯ್ತು, ಅದಕ್ಕೇ ನಿಮಗೆ ಸುಳ್ಳು ಹೇಳಿದೆ. ತಪ್ಪಾಯ್ತು."

ಒಬ್ಬ ತಾಯಿ ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

ಅವನು ಪುಟ್ಟ ಹುಡುಗಿಯ ತಲೆ ನೇವರಿಸಿದ.

"ನಿನ್ನೆಯಿಂದ ಏನಾಗಿದೆ ಗೊತ್ತಾ?" ಎಂದ ಮೆಲ್ಲಗೆ. "ಇಲ್ಲಿ ಯಾವ ಮಗು ಅತ್ತರೂ, ಇದು ನಿಜಾನಾ, ನಾಟಕಾನಾ ಅಂತ ಅನುಮಾನ ಬರ್ತಿತ್ತು. ಬೇರೆಯವರ ಭಯ ನನಗೆ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ. ನನಗೆ ಗೊತ್ತಿರೋದು ಅದೊಂದೇ. ಅದೂ ಸುಳ್ಳಾ ಅಂತ..."

ಅವಳ ಕಣ್ಣು ತುಂಬಿತು. ಅಯ್ಯೋ, ಕೆಲಸ ಮಾತ್ರ ಕಿತ್ತುಕೊಂಡೆ ಅಂದುಕೊಂಡಿದ್ದೆನಲ್ಲ... ಇವನ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ!

"ಹೋಗಲಿ ಬಿಡಪ್ಪಾ, ಪಾಪ," ಎಂದಳು ಆ ತಾಯಿ, ತಡೆಯಲಾರದೆ.

ಅವನು ನಕ್ಕುಬಿಟ್ಟ.

ವರಾಂಡದಲ್ಲಿ ನಿಂತು ಅವಳು ಕೆಲಸದ ವಿಷಯ ಹೇಳಿದಳು.

"ಸೀಟು ಬಿಟ್ಟು ಓಡೋದಕ್ಕೆ ಸಂಬಳ ಕೊಡ್ತಾರಾ?"

"ಕೊಡ್ತಾರೆ. ಬೋಲ್ಟ್ ಮಾಮನ ಬೈಗುಳ ಬಿಟ್ಟಿ."

"ಬರ್ತೀನಿ." ಅವನು ಗೋಡೆಗೆ ಒರಗಿದ. "ಫೇಲ್ ಆದವರನ್ನ ಹುಡುಕ್ಕೊಂಡು ಬರೋದು ನಿಮ್ಮ ಕಂಪನಿ ಪದ್ಧತೀನಾ?"

"ಇಲ್ಲ. ಕಂಪನಿ ಫೋನ್ ಮಾಡುತ್ತೆ."

"ಮತ್ತೆ?"

"ಬಂದಿರೋದು ಕಂಪನಿ ಅಲ್ಲ... ನಾನು."

ಕೆನ್ನೆ ಬಿಸಿಯಾಯಿತು. ಅವನೂ ಕಣ್ಣು ತಗ್ಗಿಸಿ ಅಂಗಿಯ ತೋಳು ಮಡಚತೊಡಗಿದ, ಮಡಚಿದ್ದನ್ನೇ ಮತ್ತೆ ಬಿಚ್ಚಿದ.

"ನಿನ್ನೆ ಮೆಟ್ಟಿಲು ಹತ್ತಿ ಓಡಿ ಬರ್ತಾ ನಾನು ಒಂದೇ ಯೋಚಿಸ್ತಿದ್ದೆ," ಎಂದ. "ಈ ಧ್ವನಿಗೆ ಮುಖ ಹೇಗಿರುತ್ತೆ ಅಂತ."

"ಹೇಗಿತ್ತು?"

"ಮೂಗು ಸೋರ್ತಾ ಇತ್ತು."

"ಥೂ! ಹೋಗ್ರೀ..."

"ಇನ್ನೂ ಕಣ್ಮುಂದೆ ಇದೆ. ಹೋಗ್ತಾನೇ ಇಲ್ಲ." ಅವನು ತಲೆ ಎತ್ತಿದ. "ಒಂದೇ ಒಂದು ಕೇಳ್ಕೋತೀನಿ. ಬೇರೆಯವರ ಮುಂದೆ ಎಷ್ಟು ಬೇಕಾದ್ರೂ ನಟಿಸಿ. ನನ್ನ ಮುಂದೆ ಬೇಡ. ಇಷ್ಟ ಇಲ್ಲದ್ದಕ್ಕೆ ಹೂಂ ಅನ್ನಬೇಡಿ. ಆಗುತ್ತಾ?"

"ಆಗುತ್ತೆ," ಎಂದಳು.

ಎಷ್ಟು ಸಲೀಸಾಗಿ ಅಂದೆ! ಆಗುತ್ತಾ ನಿಜವಾಗಿ? ಬೇಕಂತಲೇ ಬಿದ್ದೆ ಅನ್ನುತ್ತಲೇ ಬೆಳೆದವಳು ನಾನು...

ಅವನು ಒಳಗೆ ಹೋಗಿ ಡಾಕ್ಟರಿಗೆ ಹೇಳಿ, ಚೀಲ ಹಿಡಿದು ಬಂದ. ಮುಖದಲ್ಲಿ ಹಬ್ಬ. ಮಾತಾಡುತ್ತಲೇ ವರಾಂಡದ ತುದಿಗೆ ನಡೆದು ಗುಂಡಿ ಒತ್ತಿದ. ಬಾಗಿಲು ಸರಿಯಿತು. ಒಳಗೆ ಬೆಳ್ಳನೆ ಬೆಳಕು, ಹೊಳೆಯುವ ಕನ್ನಡಿ.

ಅವಳ ಹೆಜ್ಜೆ ನಿಂತಿತು.

ಅವನಿಗೆ ತಕ್ಷಣ ಅರ್ಥವಾಯಿತು. ಒಳಗೆ ಒಂದು ಕಾಲಿಟ್ಟು, ಬಾಗಿಲಿಗೆ ಮೊಣಕೈ ಅಡ್ಡ ಹಿಡಿದು, ಅವಳತ್ತ ಕೈ ಚಾಚಿದ.

"ಬನ್ನಿ. ನಾನಿದ್ದೀನಲ್ಲ. ಕಣ್ಣು ಮುಚ್ಕೊಳ್ಳಿ, ಕೆಳಗೆ ಮುಟ್ಟೋವರೆಗೂ ಕೈ ಬಿಡಲ್ಲ."

ಎಂಥ ಕೈ! ಹಿಡಿಯಬೇಕೆಂದು ಅವಳ ಬೆರಳುಗಳೆಲ್ಲ ಹಂಬಲಿಸಿದವು. ಧೈರ್ಯದ ಮುಖವೊಂದು ಸಿದ್ಧವಾಗಿಯೇ ಇತ್ತು. ಅದನ್ನು ತೊಟ್ಟು, 'ಭಯವೇ ಇಲ್ಲ ಈಗ' ಎಂದು ನಕ್ಕು ಒಳಗೆ ಹೋಗಿಬಿಡಬಹುದು. ಅವನು ಎಷ್ಟು ಸಂತೋಷಪಡುತ್ತಾನೆ!

ಅವಳು ಅವನ ಕಣ್ಣನ್ನೇ ನೋಡಿದಳು.

"ಬೇಡ," ಎಂದಳು.

"ನಾನು ಜೊತೆಗಿದ್ರೂ?"

"ನೀವು ಜೊತೆಗಿದ್ರೂ. ನಾನು ಹತ್ತಲ್ಲ."