ಕೆಂಪು ಚೀಟಿ ಕಿತ್ತವನು

"ರೀ ಮಿಸ್ಟರ್! ಕೈ ತೆಗೀರಿ ಅದರ ಮೇಲಿಂದ!"

ವಿಡಿಯೋ ಗೇಮ್ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಯುವಕ ಮಾತ್ರ ತಲೆ ಎತ್ತಲಿಲ್ಲ. ಹೋದ ವಾರವಷ್ಟೇ ಬಂದ ಹೊಸ ಗೇಮಿನ ಡಬ್ಬಿ ಹಿಡಿದು, ಅದಕ್ಕಂಟಿಸಿದ್ದ ಕೆಂಪು ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕೀಳುತ್ತಿದ್ದ.

ಅಂಗಡಿಯ ಒಡತಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ಚೀಟಿಗಳನ್ನು ಅವಳೇ ಕೂತು ಕೈಯಾರೆ ಬರೆದಿದ್ದಳು: 'ಪೂರ್ತಿ ಬೆಲೆ ಕೊಟ್ಟರೂ ಒಳಗೆ ಮತ್ತೆ ದುಡ್ಡು ಕೇಳುತ್ತಾರೆ. ತಿಳಿದು ಕೊಳ್ಳಿ.'

"ಯಾರನ್ನ ಕೇಳಿ ಕಿತ್ರಿ?"

"ಈ ಗೇಮ್ ಮಾಡಿದವನು ನಾನು... ಅಂದ್ರೆ, ನೂರು ಜನ ಮಾಡಿದ್ವಿ. ಇದರ ಕಥೆ ನಂದು. ಐದು ವರ್ಷ! ಅಂಗಡೀಲಿ ಹೇಗೆ ಕಾಣುತ್ತೆ ನೋಡೋಣ ಅಂತ ಬಂದೆ."

ಅವಳಿಗೆ ಒಂದು ಕ್ಷಣ ಅಯ್ಯೋ ಅನಿಸಿತು. ಆದರೆ ಸೋಲುವ ಜಾಯಮಾನ ಅವಳದಲ್ಲ.

"ಹಾಗಾದ್ರೆ ನೀವೇ ಹೇಳಿ. ಕಳೆದುಹೋದ ಅಪ್ಪನ್ನ ಹುಡುಕ್ಕೊಂಡು ಆ ಮಗಳು ಕಾಡು, ಕಡಲು ಎಲ್ಲಾ ದಾಟಿ ಬರ್ತಾಳೆ. ಕೊನೇ ಬಾಗಿಲು ತಟ್ಟಿದ್ರೆ ಏನು ಬರುತ್ತೆ? ಇನ್ನಷ್ಟು ಹಣ ಕಟ್ಟಿ! ಅಪ್ಪ ಬಾಗಿಲ ಆಚೆ, ಮಗಳು ಈಚೆ... ನಾಚಿಕೆ ಆಗಲ್ವಾ?"

"ಗೇಮ್ ಮಾಡೋಕೆ ಎಷ್ಟು ಖರ್ಚಾಗುತ್ತೆ ಗೊತ್ತಾ ನಿಮಗೆ?"

"ಆಗಲಿ. ಆ ಖರ್ಚೆಲ್ಲ ಸೇರಿಸಿ ಡಬ್ಬಿ ಮೇಲೇ ಬೆಲೆ ಹಾಕಿ, ನಾನು ತಲೆ ಎತ್ತಿ ಮಾರ್ತೀನಿ. ಆ ಹುಡುಗೀಗೆ ಬಣ್ಣ ಬಣ್ಣದ ಬಟ್ಟೆ ಬೇಕಾದ್ರೆ ಬೇರೆಯಾಗಿ ಮಾರ್ಕೊಳ್ಳಿ. ಕಥೆ ಮುಗಿಯೋದನ್ನ ಮಾರಬೇಡಿ!"

ಅವನ ಮುಖ ಸಣ್ಣದಾಯಿತು. ಕಿತ್ತ ಚೀಟಿಯನ್ನು ಜೇಬಿಗಿಟ್ಟು ಹೊರಟುಹೋದ.

ಮರುದಿನ ಸಂಜೆ ಮತ್ತೆ ಬಂದ! ಅದರ ಮರುದಿನವೂ.

ಹಿಂದಿನ ಮೇಜಿನಲ್ಲಿ ಕೆಟ್ಟ ಕಂಟ್ರೋಲರ್ ಬಿಚ್ಚಿಕೊಂಡು ಕೂತಿರುತ್ತಿದ್ದ ಅವಳಪ್ಪ ಕನ್ನಡಕದ ಮೇಲಿಂದ ನೋಡಿ ಕೂಗುತ್ತಿದ್ದರು, "ಮಗಳೇ, ಏನೂ ಕೊಳ್ಳದ ಗಿರಾಕಿ ಬಂದ ನೋಡು!"

ಅವಳು ಬೈಯುತ್ತಿದ್ದಳು, ಅವನು ವಾದಿಸುತ್ತಿದ್ದ. ನಡುವೆ ಚಹಾ ಬರುತ್ತಿತ್ತು. ಗೇಮಿನ ಆ ಹುಡುಗಿಯ ಬೂಟಿನ ದಾರವನ್ನು ಚಿತ್ರಿಸಲು ಒಬ್ಬಾಕೆ ಹನ್ನೊಂದು ದಿನ ಕೂತಿದ್ದಳೆಂದು ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. ಐದು ಗಂಟೆಯಾದರೆ ಸಾಕು, ಅವಳ ನೋಟ ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು.

'ಛೀ! ನನಗೇನಾಗಿದೆ?'

ಒಂಬತ್ತನೆಯ ದಿನ ಕಂಪನಿಯಿಂದ ಪತ್ರ ಬಂತು. ಕೆಂಪು ಚೀಟಿಗಳನ್ನು ತೆಗೆಯದಿದ್ದರೆ ಇನ್ನು ಮುಂದೆ ಅಂಗಡಿಗೆ ಸರಕು ಇಲ್ಲ!

ಅಪ್ಪ ಇಪ್ಪತ್ತು ವರ್ಷ ಕಷ್ಟಪಟ್ಟು ನಿಲ್ಲಿಸಿದ ಅಂಗಡಿ ಅದು. ಚೀಟಿಯ ವಿಷಯ ಕಂಪನಿಯವರಲ್ಲಿ ಗೊತ್ತಿದ್ದದ್ದು ಒಬ್ಬನಿಗೇ...

ಸಂಜೆ ಅವನು ಒಳಗೆ ಕಾಲಿಡುತ್ತಿದ್ದಂತೆಯೇ ಪತ್ರವನ್ನು ಅವನ ಮುಂದೆ ಹಿಡಿದಳು. "ಅವತ್ತು ಚೀಟಿ ಕಿತ್ಕೊಂಡು ಹೋಗಿದ್ದು ಇದಕ್ಕಾ? ಚಾಡಿ ಹೇಳೋಕೆ?"

ಅವನು ಪತ್ರ ಓದಿದ. ಮತ್ತೊಮ್ಮೆ ಓದಿದ.

"ಹೀಗೆ ಅಂದ್ಕೊಂಡ್ರಾ ನನ್ನನ್ನ?"

"ಇನ್ನು ಹೇಗೆ ಅಂದ್ಕೊಳ್ಳಲಿ?"

ಅವನ ಸ್ವಾಭಿಮಾನವೂ ಕಡಿಮೆಯದಲ್ಲ. ತಿರುಗಿ ನಡೆದ. ಅವಳು ತಡೆಯಲಿಲ್ಲ.

ಚೀಟಿಗಳನ್ನೂ ತೆಗೆಯಲಿಲ್ಲ. ಉಳಿದ ಡಬ್ಬಿಗಳನ್ನೆಲ್ಲ ಚೀಟಿ ಸಮೇತ ಕಂಪನಿಗೆ ವಾಪಸು ಕಳಿಸಿದಳು. ಅಪ್ಪ ಖಾಲಿ ಕಪಾಟನ್ನು ಒರೆಸುತ್ತಾ ಅಂದರು, "ಇರಲಿ ಬಿಡು. ಸುಳ್ಳು ಹೇಳಿ ಮಾರಿದ್ರೆ ರಾತ್ರಿ ನಿದ್ದೆ ಬರ್ತಿರಲಿಲ್ಲ ನನಗೆ."

ಆದರೆ ಐದು ಗಂಟೆಗೆ ಅವಳ ಕಣ್ಣು ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಮೂರು ವಾರ... ಅವನು ಬರಲಿಲ್ಲ.

ನಾಲ್ಕನೆಯ ವಾರ ಸರಕು ತರುವ ವ್ಯಾನಿನವನು ದೊಡ್ಡ ರಟ್ಟಿನ ಪೆಟ್ಟಿಗೆ ತಂದಿಳಿಸಿದ.

"ಅಕ್ಕಾ, ಅದೇ ಗೇಮು. ಈಗ ಆ ದುಡ್ಡಿನ ಬೀಗ ಇಲ್ಲ, ಕೊಂಡವರಿಗೆಲ್ಲ ಕೊನೇ ಬಾಗಿಲು ತೆರೆಯುತ್ತೆ. ಕಂಪನೀಲಿ ದೊಡ್ಡ ಗಲಾಟೆ ಆಯ್ತಂತೆ. ನಿಮ್ಮ ಅಂಗಡಿ ಚೀಟಿಯ ಫೋಟೋ ಯಾರೋ ಗಿರಾಕಿ ಮೊಬೈಲಲ್ಲಿ ಹಾಕಿದ್ದನ್ನ ಸಾಹೇಬ್ರು ನೋಡಿ ಪತ್ರ ಬರೆಸಿದ್ದು."

"ಫೋಟೋನಾ?!"

"ಹೂಂ. ಇಲ್ಲಿಗೆ ಬರ್ತಿದ್ದ ಆ ಕಥೆ ಬರೆಯೋರು ಮೊದಲಿಂದ್ಲೂ ಆ ಬೀಗ ಬೇಡ ಅಂತಾನೇ ಜಗಳ ಆಡ್ತಿದ್ರಂತೆ. ಪತ್ರ ಕಳಿಸಿದ್ದು ಗೊತ್ತಾದ ಮೇಲೆ ಮೀಟಿಂಗಲ್ಲಿ ನಿಮ್ಮ ಕೆಂಪು ಚೀಟೀನ ಸಾಹೇಬ್ರ ಮೇಜಿಗೇ ಅಂಟಿಸಿದ್ರಂತೆ! ಬೀಗ ತೆಗೀರಿ, ಇಲ್ಲಾ ನನ್ನನ್ನ ತೆಗೀರಿ ಅಂದ್ರಂತೆ. ಎರಡನ್ನೂ ತೆಗೆದ್ರು, ಪಾಪ."

ಅವಳು ಅಲ್ಲೇ ಕುರ್ಚಿಯಲ್ಲಿ ಕೂತಳು. ಕಣ್ಣೀರು ಬಂತು, ಅದರ ಹಿಂದೆಯೇ ಹೇಳಲಾಗದಷ್ಟು ಹೆಮ್ಮೆಯೂ ಬಂತು. 'ನನ್ನ ಕೈಬರಹವನ್ನು ಎದೆಗಿಟ್ಟುಕೊಂಡು ಒಬ್ಬನೇ ನಿಂತನಲ್ಲ!'

ಸರಿಯಾಗಿ ಐದು ಗಂಟೆಗೆ ಬಾಗಿಲು ಸರಿಯಿತು.

"ಮಗಳೇ..." ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಗಿರಾಕಿ ಬಂದ."

ಅವನು ನೇರ ಬಂದು ಅವಳ ಮುಂದೆ ದುಡ್ಡಿಟ್ಟ. "ಒಂದು ಡಬ್ಬಿ ಕೊಡಿ. ಪೂರ್ತಿ ಬೆಲೆಗೆ. ನಾನೇ ಮಾಡಿದ್ದನ್ನ ಇಷ್ಟು ದಿನ ಕೊಳ್ಳೋಕೆ ಮನಸ್ಸು ಬಂದಿರಲಿಲ್ಲ."

"ಕೆಲಸ ಹೋಯ್ತಂತೆ..."

"ಹೋಯ್ತು. ಆದ್ರೆ ಮಗಳಿಗೆ ಅಪ್ಪ ಸಿಕ್ಕ." ಅವನು ತಲೆ ಎತ್ತಿಯೇ ಹೇಳಿದ.

"ನೀವೂ ಆ ಬೀಗ ಬೇಡ ಅಂತಿದ್ರಿ ಅಂತ ಅವತ್ತು ಯಾಕೆ ಹೇಳಲಿಲ್ಲ?"

"ಬೀಗ ಹಾಗೇ ಇತ್ತಲ್ಲ. ಏನಂತ ಹೇಳಲಿ?"

"ನನ್ನದು ತಪ್ಪಾಯ್ತು," ಎಂದಳು. ಜೀವನದಲ್ಲಿ ಅಷ್ಟು ಸುಲಭವಾಗಿ ಆ ಮಾತು ಅವಳ ಬಾಯಿಂದ ಬಂದದ್ದೇ ಇಲ್ಲ. ಹಸಿರು ಚೀಟಿಯೊಂದನ್ನು ತೆಗೆದು, 'ಇದು ಪೂರ್ತಿ ಆಟ' ಎಂದು ಬರೆದು ಡಬ್ಬಿಗೆ ಅಂಟಿಸಿಕೊಟ್ಟಳು. ದುಡ್ಡನ್ನೂ ಎಣಿಸಿ ತೆಗೆದುಕೊಂಡಳು, ಒಂದು ಪೈಸೆ ಬಿಡಲಿಲ್ಲ. ಅವನ ದುಡಿಮೆಗೆ ಅದು ಅವಳ ಮರ್ಯಾದೆ.

ಡಬ್ಬಿ ಕೈಗೆ ಬಂದರೂ ಅವನು ಕದಲಲಿಲ್ಲ.

"ಇನ್ನೊಂದು ಕೇಳೋದಿತ್ತು..."

"ಪೂರ್ತಿ ಕೇಳಿ. ಅರ್ಧಕ್ಕೆ ನಿಲ್ಲಿಸಿದ್ರೆ ನನಗಾಗಲ್ಲ, ಗೊತ್ತಲ್ಲ?"

"ನನ್ನನ್ನ ಮದುವೆ ಆಗ್ತೀರಾ?"

ಹಿಂದಿನ ಮೇಜಿನಿಂದ ಸ್ಕ್ರೂಡ್ರೈವರ್ ಠಣ್ ಎಂದು ಕೆಳಗೆ ಬಿತ್ತು.

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಕೆಲಸ ಇಲ್ಲದವನನ್ನ ಯಾರು ಕಟ್ಟಿಕೊಳ್ತಾರೆ ಅಂತ ಊರೆಲ್ಲ ಕೇಳುತ್ತೆ."

"ಏನು ಹೇಳ್ತೀರಿ?"

"ಬಾಗಿಲು ತೆರೆಸಿದವನನ್ನ ಕಟ್ಟಿಕೊಂಡೆ ಅಂತೀನಿ. ತಲೆ ಎತ್ತಿ!"