ಅಂಜಲಿಯ ಚುಕ್ಕಿ ಹಾಳೆ

"ಅಜ್ಜೀ, ನನ್ನ ಹಾಳಿ ಏನ್ ಮಾಡ್ದಿ?"

ಅಂಜಲಿ ಹಾಳೆಯ ಮೇಲೆ ಬೆರಳಾಡಿಸಿದಳು. ಮತ್ತೆ ಆಡಿಸಿದಳು. ಬೆಳಿಗ್ಗೆ ಸಾಸಿವೆ ಕಾಳಿನ ಹಾಗೆ ಬೆರಳಿಗೆ ತಾಗುತ್ತಿದ್ದ ಚುಕ್ಕಿಗಳು ಒಂದೂ ಸಿಗಲಿಲ್ಲ.

ಗ್ಯಾನಮ್ಮಜ್ಜಿ ಒಲೆಯ ಮುಂದಿನಿಂದಲೇ ಹೆಮ್ಮೆಯಿಂದ ಹೇಳಿದಳು. "ಭಾಳ ಗುಳ್ಳಿ ಎದ್ದಿದ್ದುವವ್ವಾ. ಸಾಲ್ಯಾಗ ಸರ್ ಬೈದಾರಂತ ನೀರು ಚಿಮುಕಿಸಿ, ರೊಟ್ಟಿ ಮಣಿ ಇಟ್ಟು, ಮ್ಯಾಲೆ ಗುಂಡುಕಲ್ಲು ಹೇರಿದ್ದೆ. ಈಗ ನೋಡು, ಹೆಂಗ ಸಾಫ್ ಆಗ್ಯಾವ!"

ಒಣಗುವಾಗ ಕಟಕ ರೊಟ್ಟಿ ಸೊಟ್ಟಗಾಗಬಾರದೆಂದು ಅಜ್ಜಿ ಹೀಗೆಯೇ ಕಲ್ಲು ಹೇರುವುದು. ಅವಳ ರೊಟ್ಟಿಯಷ್ಟು ಸಪಾಟಾದ ರೊಟ್ಟಿ ಗುರುಗುಂಟಾದಲ್ಲಿ ಯಾರ ಮನೆಯಲ್ಲೂ ಇಲ್ಲ. ಆದರೆ ಇದೇನು ರೊಟ್ಟಿಯೇ? ಕಣ್ಣು ಕಾಣದ ಅಂಜಲಿ ಬೆರಳಿನಿಂದ ಓದುವ ಬ್ರೈಲ್ ಪಾಠ!

"ಆ ಗುಳ್ಳೀನ ನನ್ನ ಅಕ್ಷರ, ಅಜ್ಜೀ!" ಅಂಜಲಿಗೆ ಅಳುವೇ ಬಂತು.

ಅವಳು ಐದನೇ ಕ್ಲಾಸಿಗೆ ಬಂದರೂ ತರಗತಿಯಲ್ಲಿ ಒಮ್ಮೆಯೂ ಎದ್ದು ಓದಿರಲಿಲ್ಲ. ಓದುವ ಸರದಿ ಅವಳ ಬೆಂಚಿಗೆ ಬಂದರೆ ಸಾಕು, ಕನಕರಾಯ ಸರ್ "ನೀ ಕೇಳಿಸ್ಕೊ ಸಾಕವ್ವಾ" ಎಂದು ಮುಂದೆ ದಾಟುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ಆ ಪ್ರೀತಿ ಅಂಜಲಿಗೆ ಒಂಚೂರೂ ಬೇಕಿರಲಿಲ್ಲ. ವಾರಕ್ಕೊಮ್ಮೆ ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬಂದು ಬ್ರೈಲ್ ಕಲಿಸುವ ರಾಜಶ್ರೀ ಟೀಚರ್ ಸರ್ ಹತ್ತಿರ ಮಾತಾಡಿ, ನಾಳೆಯ ಹೊಸ ಪಾಠವನ್ನು ಅಂಜಲಿಯೇ ಓದಬೇಕೆಂದು ಒಪ್ಪಿಸಿದ್ದರು. ಪಾಠವನ್ನು ಬ್ರೈಲಿನಲ್ಲಿ ಬರೆದೂ ಕೊಟ್ಟಿದ್ದರು. ಇನ್ನು ಅವರು ಬರುವುದು ಮುಂದಿನ ವಾರವೇ.

"ನನ್ನ ಕೈಗೆ ಏನ್ ಬಂದಿತ್ತು!" ಎಂದು ಅಜ್ಜಿ ಹಣೆ ಬಡಿದುಕೊಂಡಳು. ಓಡಿಹೋಗಿ ಪಕ್ಕದ ಮನೆಯ ಹುಲಿಗೇಶನನ್ನು ಎಳೆದು ತಂದಳು. ಅವನೂ ಅಂಜಲಿಯ ಕ್ಲಾಸೇ.

"ಇವ ಪಾಠ ಓದ್ತಾನ. ನೀ ಕೇಳಿ ಬಾಯಿಪಾಠ ಮಾಡು. ನಾಳೆ ಸುಮ್ನ ಬೆರಳಾಡಿಸಿ ಹೇಳಿಬಿಡು. ಯಾರಿಗೆ ಗೊತ್ತಾಗ್ತೈತಿ?"

"ನನಗ ಗೊತ್ತಾಗ್ತೈತಿ," ಅಂದಳು ಅಂಜಲಿ.

ಹುಲಿಗೇಶ ಕಿಸಕ್ಕನೆ ನಕ್ಕ. "ನೀ ಯಾವಾಗ್ಲೂ ಹಂಗ ಮಾಡ್ತಿಯಲ್ಲಬೇ! ಬಾಯಿಪಾಠದಾಗ ನೀ ಹುಷಾರ್. ಓದೂದು ಬ್ಯಾರೆ."

ಅಂಜಲಿಗೆ ಸಿಟ್ಟು ನೆತ್ತಿಗೇರಿತು. ಅಳು ಎಲ್ಲಿ ಹೋಯಿತೋ! "ಕುಂದ್ರಲೇ ಇಲ್ಲಿ. ನೀ ಓದು, ನಾ ಬರೀತೀನಿ."

"ಚುಕ್ಕಿ ನಿಲ್ಲಾಕ ದಪ್ಪ ಹಾಳಿ ಎಲ್ಲೈತಿ?"

ಅಂಜಲಿ ಗೋಡೆಯತ್ತ ಕೈ ಚಾಚಿದಳು. ಸಿಂಧನೂರಿನ ರೈಸ್ ಮಿಲ್ಲಿನವರು ಕೊಟ್ಟ ಹೋದ ವರ್ಷದ ಕ್ಯಾಲೆಂಡರ್ ಅಲ್ಲಿತ್ತು.

"ಅದರಾಗ ದೇವರ ಫೋಟೋ ಐತಲ್ಲವ್ವಾ," ಅಂದಳು ಅಜ್ಜಿ.

"ದೇವರು ಅಲ್ಲೇ ಇರ್ಲಿ. ತಾರೀಕಿನ ಹಾಳಿ ಅಷ್ಟ ಹರದುಕೊಡು."

ಅಜ್ಜಿ ಹರಿದುಕೊಟ್ಟಳು. ಅಂಜಲಿ ಹಾಳೆಯನ್ನು ಬ್ರೈಲ್ ಸ್ಲೇಟಿಗೆ ಸಿಕ್ಕಿಸಿ, ಮೊನೆಯ ಕಡ್ಡಿಯಿಂದ ಚುಕ್ ಚುಕ್ ಎಂದು ಚುಚ್ಚತೊಡಗಿದಳು.

"ಅಯ್ಯ! ಬಲಗಡೆಯಿಂದ ಬರಿಯಾಕತ್ತಿಯಲ್ಲ? ಎಲ್ಲಾ ಉಲ್ಟಾ!" ಅಂದ ಹುಲಿಗೇಶ.

"ಹಿಂದಿನಿಂದ ಚುಚ್ಚಬೇಕು. ತಿರುವಿದ್ರ ಚುಕ್ಕಿ ಮ್ಯಾಲೆ ಬರ್ತಾವ, ಸೀದಾ ಆಗ್ತೈತಿ. ನೀ ಓದಲೇ."

ಒಂದು ಸಾಲು ತಪ್ಪಿತು. ಆ ಹಾಳೆ ಬಿಟ್ಟು ಇನ್ನೊಂದು ತಿಂಗಳನ್ನು ಹರಿಸಿಕೊಂಡಳು. ಹೊರಗೆ ಗೆಳೆಯರು ಆಟಕ್ಕೆ ಕೂಗಿದರು. ಹುಲಿಗೇಶ ಒದ್ದಾಡಿದ, ಗೊಣಗಿದ, ಆದರೆ ಎದ್ದು ಹೋಗಲಿಲ್ಲ. ಮಬ್ಬಾದಾಗ ಅಜ್ಜಿ ಲೈಟ್ ಹಾಕಿದಳು. ಅದು ಬೇಕಾಗಿದ್ದು ಹುಲಿಗೇಶನಿಗೆ, ಅಂಜಲಿಗಲ್ಲ. ಪಾಠ ಮುಗಿಯುವಷ್ಟರಲ್ಲಿ ಅವಳ ಬೆರಳು ಕೆಂಪಗೆ ಊದಿತ್ತು.

ಮರುದಿನ ಕ್ಲಾಸಿನಲ್ಲಿ ಅಂಜಲಿ ಎದ್ದು ನಿಂತಳು. ಕ್ಯಾಲೆಂಡರ್ ಹಾಳೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

"ಗೀಜಗ ಹಕ್ಕಿ... ಗೂಡು ಕಟ್ಟಲು... ಮೊದಲು ಒಳ್ಳೆಯ... ಟೊಂಗೆ ಹುಡುಕುತ್ತದೆ."

ಹಿಂದಿನ ಬೆಂಚಿನಲ್ಲಿ ಯಾರೋ ಆಕಳಿಸಿದರು. ಇನ್ಯಾರೋ ಕಿಸಿಕಿಸಿ ನಕ್ಕರು. ಅಷ್ಟೇ ಸಾಕಾಯಿತು, ಅಂಜಲಿಯ ತಲೆಯೊಳಗಿನದೆಲ್ಲ ಖಾಲಿಯಾಯಿತು. ನಿನ್ನೆ ಕೇಳಿದ ಒಂದು ಮಾತೂ ನೆನಪಿಗೆ ಬರಲೊಲ್ಲದು.

"ಹುಲ್ಲಿನ ಎಳಿ..." ಹುಲಿಗೇಶ ಮೆಲ್ಲಗೆ ಎತ್ತಿಕೊಟ್ಟ.

"ತಡಿಯೋ, ಹೇಳಬ್ಯಾಡ. ಇಲ್ಲೇ ಐತಿ."

ಅಂಜಲಿ ಬೆರಳನ್ನು ಮುಂದಕ್ಕೆ ಸರಿಸಿದಳು. ಚುಕ್ಕಿ ತಾಗಿತು. "ಹುಲ್ಲಿನ ಎಳೆಗಳನ್ನು... ಒಂದೊಂದಾಗಿ ತರುತ್ತದೆ."

ಬಾಯಿಪಾಠ ಹೇಳುವಾಗ ಅವಳಿಗೆ ಯಾವಾಗಲೂ ದಿಗಿಲು. ಒಂದು ಮಾತು ಮರೆತರೆ ಮುಂದಿನದೆಲ್ಲ ಮಂಗಮಾಯ. ಇವತ್ತು ಹಾಗಾಗಲಿಲ್ಲ. ಎಷ್ಟು ತಡಮಾಡಿದರೂ ಮುಂದಿನ ಮಾತು ಬೆರಳಿನ ಪಕ್ಕದಲ್ಲೇ ಇತ್ತು, ಎಲ್ಲಿಗೂ ಓಡಿ ಹೋಗಿರಲಿಲ್ಲ. ಮತ್ತೇಕೆ ಅವಸರ? ಅವಳು ತನ್ನಷ್ಟಕ್ಕೆ ನಿಧಾನವಾಗಿ ಓದುತ್ತ ಹೋದಳು. ಕ್ಲಾಸು ಯಾವಾಗ ಸುಮ್ಮನಾಯಿತೋ ಅವಳಿಗೆ ಗೊತ್ತಾಗಲಿಲ್ಲ.

ಮೊದಲ ಹಾಳೆ ಮುಗಿಯಿತು. ಕನಕರಾಯ ಸರ್ ಹತ್ತಿರ ಬಂದರು. "ಶಾಭಾಷ್! ದಣಿದಿರ್ತಿ, ಸಾಕವ್ವಾ, ಕುಂದ್ರು."

"ಇನ್ನೊಂದು ಹಾಳಿ ಐತ್ರಿ ಸರ್," ಎಂದಳು ಅಂಜಲಿ. ಕೂರಲಿಲ್ಲ.