ಆರು ಪಟ್ಟೆಯ ಹಾವು

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಎಣಿಸಲಾಗದಷ್ಟು ಹಿಂದೆ, ಹೊನ್ನಕಣಿವೆ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಏಳು ಎಂಬ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಹೆತ್ತವ್ವ ಸಾಯುತ್ತಾಳೆ ಎಂಬ ಭಯ. ಹಾಗಾಗಿ ಅರಸನಿಂದ ಆಳಿನವರೆಗೆ ಎಲ್ಲರೂ 'ಐದು, ಆರು, ಆಮೇಲಿನದು, ಎಂಟು' ಎಂದೇ ಎಣಿಸುತ್ತಿದ್ದರು. ಈ ಭಯವನ್ನು ಬಿತ್ತಿದವನು ಧೂಮಾಕ್ಷನೆಂಬ ಮಾಂತ್ರಿಕ ಎಂಬುದು ಎಲ್ಲರಿಗೂ ಮರೆತೇ ಹೋಗಿತ್ತು.

ಒಂದು ದಿನ ಧೂಮಾಕ್ಷ ರಾಜ್ಯಕ್ಕಿದ್ದ ಒಂದೇ ಚಿಲುಮೆಗೆ ಮಾಯೆಯ ಹಾವೊಂದನ್ನು ಸುತ್ತಿಸಿದ. ನೀರು ನಿಂತಿತು. ಹಾವಿನ ಮೈಮೇಲೆ ಆರು ಪಟ್ಟೆ, ಪಟ್ಟೆಗೊಂದು ಅಂಕಿ: ೧೪೨೮೫೭. ಈ ಸಂಖ್ಯೆಯನ್ನು ಒಂದು ಅಂಕಿಯಿಂದ ಗುಣಿಸಿ ಹಾವಿನ ಸುತ್ತು ಬಿಡಿಸಿದರೆ ನೀರು ನಿಮ್ಮದು, ಸೋತವರು ಕಲ್ಲಾಗಬೇಕು ಎಂದ. ಒಬ್ಬರಿಗೆ ಒಂದೇ ಸಲ.

ಮೊದಲು ಯುವರಾಜ ಬಂದು ಎರಡರಿಂದ ಗುಣಿಸಿದ. ಹಾವು ಮೆಲ್ಲಗೆ ಹೊರಳಿ ೨೮೫೭೧೪ ಆಯಿತು. ಅವೇ ಅಂಕಿ, ಅದೇ ಸಾಲು, ಹೊರಟ ಜಾಗ ಮಾತ್ರ ಬೇರೆ. ಯುವರಾಜ ಕಲ್ಲಾದ. ನೇಕಾರರ ಕೆಂಪಣ್ಣ ಬಂದು ಮೂರರಿಂದ ಗುಣಿಸಿದ. ೪೨೮೫೭೧. ಅವನೂ ಕಲ್ಲಾದ. ನಾಲ್ಕು, ಐದು, ಆರು ಎಂದವರ ಗತಿಯೂ ಅದೇ. ಕೊನೆಗೆ ಮಂತ್ರಿ ಎಂಟು ಎಂದ. ೧೧೪೨೮೫೬ ಬಂತು. ಗೆದ್ದೆನೆಂದು ಅವನು ಮೀಸೆ ತಿರುವುವಷ್ಟರಲ್ಲಿ, ಪಟ್ಟೆ ಸಾಲದೆ ತಲೆಯಿಂದ ಉದುರಿದ ಒಂದನ್ನು ಹಾವು ಬಾಲದ ಆರಕ್ಕೆ ಕೂಡಿಸಿಕೊಂಡಿತು. ಮತ್ತೆ ೧೪೨೮೫೭. ಪಾಪ, ಮಂತ್ರಿ ಮೀಸೆಯ ಮೇಲೆ ಕೈಯಿಟ್ಟುಕೊಂಡೇ ಕಲ್ಲಾದ.

ಕೆಂಪಣ್ಣನ ತಂಗಿ ಚೆನ್ನಾಜಿ ಮನೆಯಲ್ಲಿ ಗೂಟಗಳಿಗೆ ನೂಲು ಸುತ್ತುತ್ತಿದ್ದಳು. ಐದು, ಆರು, ಆಮೇಲಿನದು. ಅವಳ ಕೈ ಅಲ್ಲೇ ನಿಂತಿತು. ಎರಡರಿಂದ ಎಂಟರವರೆಗೆ ಹಾವಿನ ಮುಂದೆ ಯಾರೂ ಹೇಳದೆ ಬಿಟ್ಟದ್ದು ಇದೊಂದನ್ನೇ. ಈ ಗೂಟಕ್ಕೆ ದಿನವೂ ನೂರು ಸಲ ನೂಲು ಸುತ್ತುತ್ತೇನೆ, ಅವ್ವನಿಗೆ ಏನೂ ಆಗಿಲ್ಲ. ಹೆಸರೊಂದಕ್ಕೆ ಮಾತ್ರ ಕೊಲ್ಲುವ ಶಕ್ತಿ ಬರುತ್ತದೆಯೇ ಎಂದು ಯೋಚಿಸಿದಳು. ಯೋಚನೆಯೇನೋ ಸರಿಯಾಗಿತ್ತು, ಆದರೂ ಅವಳಿಗೆ ಹೆದರಿಕೆಯಾಯಿತು. ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದಳು.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಆಮೇಲೆ, "ಹೇಳು ಮಗಾ. ನಾನು ಹೋದ್ರೂ ನಿಮ್ಮಣ್ಣ ಬರ್ತಾನೆ. ನಿನ್ನ ಪಕ್ಕದಲ್ಲೇ ನಿಂತಿರ್ತೀನಿ, ಕೈ ಹಿಡ್ಕೊ" ಅಂದಳು.

ಇಬ್ಬರೂ ಚಿಲುಮೆಯ ಬಳಿ ಹೋದರು. ಚೆನ್ನಾಜಿ ಅವ್ವನ ಕೈ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, "ಏಳು" ಎಂದಳು.

ಹಾವಿನ ಮೈಮೇಲೆ ೯೯೯೯೯೯ ಮೂಡಿತು. ಎತ್ತ ಹೊರಳಿದರೂ ಒಂಬತ್ತೇ. ತಲೆ ಯಾವುದು, ಬಾಲ ಯಾವುದು ಎಂದು ಹಾವಿಗೇ ತಿಳಿಯದೆ ಸುತ್ತು ಸಡಿಲಾಯಿತು. ಸಂದಿಯಿಂದ ಚಿಮ್ಮಿದ ಒಂದೇ ಒಂದು ಹನಿ ಅದರ ಕೊನೆಯ ಪಟ್ಟೆಯ ಮೇಲೆ ಬಿತ್ತು. ಒಂದು ಕೂಡಿದ್ದೇ ತಡ, ಒಂಬತ್ತುಗಳೆಲ್ಲ ಸಾಲಾಗಿ ಸೊನ್ನೆಯಾದವು. ಮುಂದೆ ಹಾರಿದ ಒಂದನ್ನು ಹಿಡಿದುಕೊಳ್ಳಲು ಬರಿ ಸೊನ್ನೆಗಳಿಗೆ ಆಗಲಿಲ್ಲ. ಹಾವು ಆರು ಟೊಳ್ಳು ಬಳೆಗಳಾಗಿ ಕಳಚಿ ಬಿತ್ತು, ನೀರು ನುಗ್ಗಿತು.

ಚೆನ್ನಾಜಿ ನೀರನ್ನು ನೋಡಲಿಲ್ಲ, ಅವ್ವನ ಕಡೆ ತಿರುಗಿದಳು. ಅವ್ವನ ಕೈ ಬೆಚ್ಚಗೇ ಇತ್ತು. ಅವಳು ಕಲ್ಲಿನಿಂದ ಎದ್ದು ಬರುತ್ತಿದ್ದ ಮಗನನ್ನು ನೋಡಿ ಅಳುತ್ತಿದ್ದಳು. ಯುವರಾಜನೂ ಎದ್ದ, ಮಂತ್ರಿಯೂ ಮೀಸೆಯಿಂದ ಕೈ ತೆಗೆದ.

ಸೋತವರು ಕಲ್ಲಾಗಬೇಕು ಎಂದಿದ್ದವನು ಧೂಮಾಕ್ಷನೇ. ಈಗ ಸೋತವನೂ ಅವನೇ ಆದ್ದರಿಂದ ಅವನು ನಿಂತಲ್ಲೇ ಕಲ್ಲಾದ. ಜನ ಆ ಕಲ್ಲನ್ನು ಉರುಳಿಸಿ ಚಿಲುಮೆಯ ಪಕ್ಕದಲ್ಲಿ ಬಟ್ಟೆ ಒಗೆಯಲು ಹಾಕಿಕೊಂಡರು. ಅಂದಿನಿಂದ ಹೊನ್ನಕಣಿವೆಯಲ್ಲಿ ಎಲ್ಲರೂ ನೆಮ್ಮದಿಯಾಗಿದ್ದಾರೆ. ಅಲ್ಲಿಯ ಹೆಂಗಸರು ಇವತ್ತಿಗೂ ಒಂದೊಂದು ಬಟ್ಟೆಯನ್ನೂ ಆ ಕಲ್ಲಿಗೆ ಏಳು ಸಲ ಬಡಿಯುತ್ತಾರೆ, ಪ್ರತಿ ಸಲವೂ ಅವ್ವಂದಿರ ಎದುರಿಗೇ ಗಟ್ಟಿಯಾಗಿ ಎಣಿಸುತ್ತಾರೆ.